ಹಾವಸೆಗೆ ಬಿದ್ದ ಚಪ್ಪಾಳೆ

ಕಳೆದ ಗುರುವಾರ ಸಂಜೆ 4 ಗಂಟೆಗೆ ನನ್ನ ಪಿಎಚ್‌ಡಿ ಸೆಮಿನಾರ್ ಇತ್ತು. ಅದೇ ಗುರುವಾರ, ಅದೇ 4 ಗಂಟೆಗೆ, ಅದೇ ಹಾಲ್‌ನಲ್ಲಿ ವಿದ್ಯಾರ್ಥಿಗಳ ಜಾಝ್ ಕಛೇರಿಯೂ ಇತ್ತು. ನೋಟಿಸ್ ಬೋರ್ಡಿನಲ್ಲಿ ಎರಡೂ ಚೀಟಿಗಳನ್ನು ಒಂದರ ಮೇಲೊಂದು ಅಂಟಿಸಿದ್ದರು. ಅಡಿಗೆ ಬಿದ್ದದ್ದು ಯಾರದ್ದು ಅಂತ ಬೇರೆ ಹೇಳಬೇಕಾ?

ಹಾಲ್ ಬುಕಿಂಗ್ ನೋಡಿಕೊಳ್ಳುವವರ ಹತ್ತಿರ ಓಡಿದೆ. ಅವರು ರಿಜಿಸ್ಟರ್ ತಿರುವಿ, ಕನ್ನಡಕ ಹಣೆಗೇರಿಸಿ, "ನಡುವೆ ಮಡಚೋ ಗೋಡೆ ಇದೆಯಲ್ಲ, ಎಳೆದುಬಿಡಿ. ಎರಡು ಹಾಲ್ ಆಯ್ತು" ಎಂದರು. ಗೋಡೆ ಎನ್ನುವುದು ಮರ್ಯಾದೆಯ ಮಾತು. ಆಚೆಯವರು ಆಕಳಿಸಿದರೂ ಈಚೆ ಕೇಳುತ್ತದೆ. ಆಚೆ ಇದ್ದದ್ದೋ, ಎರಡು ಸ್ಯಾಕ್ಸೊಫೋನ್, ಒಂದು ಟ್ರೊಂಬೋನ್, ಪಿಯಾನೊ, ಡಬಲ್ ಬೇಸ್ ಮತ್ತು ಡ್ರಮ್ಸ್.

ನನ್ನ ವಿಷಯ ಹಾವಸೆ, ಇಂಗ್ಲಿಷಿನಲ್ಲಿ ಮಾಸ್. ಪೂರ್ತಿ ಒಣಗಿ ಸತ್ತಂತೆ ಕಾಣುವ ಹಾವಸೆ, ನೀರು ಬಿದ್ದ ಕೂಡಲೇ ಹೇಗೆ ಮತ್ತೆ ಹಸಿರಾಗುತ್ತದೆ ಎನ್ನುವುದು. ಆರು ವರ್ಷದಿಂದ ಇದೇ ಕೆಲಸ. ಮನೆಯಲ್ಲಿ ಇವತ್ತಿಗೂ "ನಿನ್ನ ಪಾಚಿ ಎಲ್ಲಿಗೆ ಬಂತು?" ಎಂದೇ ಕೇಳುತ್ತಾರೆ. ಪಾಚಿ ಬೇರೆ, ಹಾವಸೆ ಬೇರೆ ಅಂತ ಮೊದಲ ಎರಡು ವರ್ಷ ವಿವರಿಸಿದೆ. ಈಗ ಸುಮ್ನೆ "ಬರ್ತಾ ಇದೆ" ಎನ್ನುತ್ತೇನೆ.

ನನ್ನ ಕಡೆ ಒಂಬತ್ತು ಜನ ಬಂದಿದ್ದರು. ಇರುವೆಗಳ ಜಗಳ ಅಧ್ಯಯನ ಮಾಡುವ ಗೆಳತಿ, ಹಳೇ ಕಾಲದ ಕಂದಾಯದ ಕಾಗದ ಓದುವವನೊಬ್ಬ, ಜನ ಸಾಲಿನಲ್ಲಿ ಹೇಗೆ ನಿಲ್ಲುತ್ತಾರೆ ಎಂದು ಲೆಕ್ಕ ಹಾಕುವವಳೊಬ್ಬಳು. ಒಬ್ಬರ ಕೆಲಸ ಇನ್ನೊಬ್ಬರಿಗೆ ಒಂದಕ್ಷರ ಗೊತ್ತಾಗುವುದಿಲ್ಲ. ಆದರೂ ಬರುತ್ತೇವೆ. ನಾಳೆ ಅವರ ಸೆಮಿನಾರಿಗೂ ಜನ ಬೇಕಲ್ಲ, ಅದೊಂಥರಾ ಮುಯ್ಯಿ. ಉಳಿದವರಲ್ಲಿ ಇಬ್ಬರು ಜಾಝ್ ಕೇಳಲು ಬಂದು, ತಪ್ಪು ಬಾಗಿಲಲ್ಲಿ ನುಗ್ಗಿ, ಎದ್ದು ಹೋಗಲು ಸಂಕೋಚಪಟ್ಟು ಕೂತವರು. ಕಡೇ ಗಳಿಗೆವರೆಗೂ ನಾನು ಟ್ರೊಂಬೋನ್ ತೆಗೆಯುತ್ತೇನೆ ಎಂದು ಕಾದರೋ ಏನೋ.

ಜಾಝಿನ ಕ್ರಮ ಗೊತ್ತಲ್ಲ. ಮೊದಲು ಎಲ್ಲರೂ ಸೇರಿ ರಾಗ ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಸೋಲೊ, ಮನಸ್ಸಿಗೆ ಬಂದದ್ದನ್ನು ಅಲ್ಲೇ ಕಟ್ಟಿ ನುಡಿಸುವುದು. ಒಂದು ಸೋಲೊ ಮುಗಿದ ತಕ್ಷಣ, ಹಾಡು ಇನ್ನೂ ನಡೆಯುತ್ತಿರುವಾಗಲೇ, ಸಭೆ ಚಪ್ಪಾಳೆ ತಟ್ಟುತ್ತದೆ. ಬ್ಲೂಸ್ ಎಂಬ ಬಗೆಯ ಹಾಡಾದರೆ ಸಾಮಾನ್ಯವಾಗಿ 12 ಬಾರ್‌ಗಳ, ಅಂದರೆ 12 ತಾಳದ ಆವರ್ತಗಳ, ಒಂದು ಸುತ್ತು. ಹುಡುಗರು ತಲಾ ಎರಡು ಸುತ್ತು ನುಡಿಸಿದರೆ ಹೆಚ್ಚೂಕಡಿಮೆ ಒಂದು ನಿಮಿಷ. ನಮ್ಮ ಸೆಮಿನಾರಿಗೂ ಒಂದು ಶಾಸ್ತ್ರವಿದೆ: ನಿಮಿಷಕ್ಕೊಂದು ಸ್ಲೈಡ್.

ಈಗ ಲೆಕ್ಕ ಹಾಕಿ.

"ನಮಸ್ಕಾರ, ನನ್ನ ಸಂಶೋಧನೆಯ ವಿಷಯ ಹಾವಸೆ" ಎಂದೆ. ಆಚೆಯಿಂದ ಚಪ್ಪಾಳೆ. ಪರವಾಗಿಲ್ಲ, ಒಳ್ಳೇ ಶಕುನ ಅಂದುಕೊಂಡೆ. ಎರಡನೇ ಸ್ಲೈಡ್, "ಹಾವಸೆಗೆ ಬೇರುಗಳಿಲ್ಲ." ಚಪ್ಪಾಳೆ, ಜೊತೆಗೆ ಒಂದು ಶಿಳ್ಳೆ. ಮೂರನೇ ಸ್ಲೈಡಿಗೆ ನಾನೇ ಚಪ್ಪಾಳೆಗೆ ಕಾಯತೊಡಗಿದ್ದೆ. ಅದು ಬರಲಿಲ್ಲ. ಪಿಯಾನೊದವನು ಇನ್ನೊಂದು ಸುತ್ತು ಎಳೆದಿದ್ದ. ಮನಸ್ಸಿಗೆ ಸ್ವಲ್ಪ ಬೇಜಾರೇ ಆಯಿತು. ನಾಲ್ಕನೇ ಸ್ಲೈಡಿಗೆ ಬಂದು ದನಿ ತಗ್ಗಿಸಿ, "ಮೊದಲ ವರ್ಷದ ಮಾದರಿಗಳೆಲ್ಲ ಬೂಷ್ಟು ಹಿಡಿದು ಹಾಳಾದವು" ಎಂದೆ ನೋಡಿ, ಗೋಡೆ ಅದುರುವಂಥ ಚಪ್ಪಾಳೆ! ಯಾರೋ "ಒನ್ಸ್ ಮೋರ್" ಎಂದು ಕೂಗಿದರು. ಎರಡನೇ ವರ್ಷವೂ ಹಾಳಾದದ್ದನ್ನು ನಾನು ಹೇಗೂ ಹೇಳುವವಳಿದ್ದೆ.

ಇರುವೆ ಗೆಳತಿ ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡು ಅಲುಗಾಡುತ್ತಿದ್ದಳು. ಅಳುತ್ತಿರಲಿಲ್ಲ.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಮೊದಲ ಸಾಲಿನ ಮೇಷ್ಟ್ರನ್ನು. ಬೇರೆ ವಿಭಾಗದವರು, ಆದರೆ ಯಾವ ಸೆಮಿನಾರನ್ನೂ ಬಿಟ್ಟವರಲ್ಲ. ಕಣ್ಣು ಮುಚ್ಚಿ ಕೂತು ಸಂಗೀತಕ್ಕೆ ಕಾಲು ಕುಟ್ಟುತ್ತಿದ್ದರು. ಜಾಝಿನಲ್ಲಿ ನಾಲ್ಕು ಏಟಿನ ತಾಳವಾದರೆ ಒತ್ತು ಎರಡು ಮತ್ತು ನಾಲ್ಕರ ಮೇಲೆ. ಮೇಷ್ಟ್ರ ಬೂಟು ಬೀಳುತ್ತಿದ್ದದ್ದು ಒಂದು ಮತ್ತು ಮೂರಕ್ಕೆ. ಅದೂ ಹಲಗೆಯ ನೆಲದ ಮೇಲೆ. ಟಕ್, ಟಕ್.

ನನ್ನ ಮಾತು ಮುಗಿದಾಗ ಚಪ್ಪಾಳೆ ಬೀಳಲಿಲ್ಲ. ಎರಡೂ ಕಡೆಯಿಂದ. ಮೇಷ್ಟ್ರು ಎದ್ದರು. "ನಂದು ಪ್ರಶ್ನೆ ಅಲ್ಲ, ಒಂದು ಸಣ್ಣ ಕಾಮೆಂಟು" ಎಂದರು. ಈ ವಾಕ್ಯ ಕೇಳಿದ ಕೂಡಲೇ ಅನುಭವಸ್ಥರು ಬೆನ್ನು ಒರಗಿಸುತ್ತಾರೆ. ಹಾವಸೆಯಿಂದ ಶುರು ಮಾಡಿದರು. ಅಲ್ಲಿಂದ ನೀರು, ನೀರಿನಿಂದ ನಾಗರಿಕತೆ, ನಾಗರಿಕತೆಯಿಂದ ತಾವು ವಿದ್ಯಾರ್ಥಿಯಾಗಿದ್ದ ಕಾಲ. ಆಚೆ ಟ್ರೊಂಬೋನಿನ ಹುಡುಗ ತನ್ನ ಸರದಿ ಮುಗಿಸಿ ಶಿಸ್ತಾಗಿ ಹಿಂದೆ ಸರಿದಿದ್ದ. ಇವರಿಗೆ 12 ಬಾರ್ ಇಲ್ಲ, ಸುತ್ತೂ ಇಲ್ಲ.

ಜಾಝಿನ ದೊಡ್ಡ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಹುಡುಗನಾಗಿದ್ದಾಗ ಕ್ಯಾನ್ಸಸ್ ಸಿಟಿಯಲ್ಲಿ ದೊಡ್ಡವರ ಜೊತೆ ನುಡಿಸಲು ಹೋಗಿ ದಾರಿ ತಪ್ಪಿದನಂತೆ. ಡ್ರಮ್ಸ್‌ನ ಜೋ ಜೋನ್ಸ್ ಒಂದು ಸಿಂಬಲ್, ಅಂದರೆ ಡ್ರಮ್ಸ್‌ನ ಲೋಹದ ತಟ್ಟೆ, ಬಿಚ್ಚಿ ಅವನ ಕಾಲ ಬಳಿ ಎಸೆದ ಎಂದು ಕಥೆ ಹೇಳುತ್ತಾರೆ. ಸಾಕು, ಇಳಿ ಎಂದು ಅರ್ಥ. ಎಂಥ ಸೊಗಸಾದ ಪದ್ಧತಿ! ಸೆಮಿನಾರ್ ಹಾಲ್‌ಗಳಲ್ಲಿ ಪ್ರೊಜೆಕ್ಟರ್, ಮೈಕ್ ಎಲ್ಲ ಇಡುತ್ತಾರೆ. ಒಂದು ಸಿಂಬಲ್ ಇಡುವುದಿಲ್ಲ.

2008ರಲ್ಲಿ ಚಾರ್ಲ್ಸ್ ಲಿಂಬ್ ಮತ್ತು ಅಲೆನ್ ಬ್ರಾನ್ ಎಂಬ ಸಂಶೋಧಕರು ಆರು ಜಾಝ್ ಪಿಯಾನೊ ವಾದಕರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಪುಟ್ಟ ಕೀಬೋರ್ಡ್ ಕೊಟ್ಟು ನುಡಿಸಲು ಹೇಳಿದ್ದರು. ಅಲ್ಲೇ ಕಟ್ಟಿ ನುಡಿಸುವಾಗ, ನಮ್ಮನ್ನು ನಾವೇ ಕಾಯುವ, 'ತಪ್ಪಾದೀತು ಹುಷಾರು' ಎನ್ನುವ ಕೆಲಸಕ್ಕೆ ಸಂಬಂಧಿಸಿದ, ಮೆದುಳಿನ ಮುಂಭಾಗದ ಒಂದು ಪಾಲು ತಣ್ಣಗಾಗಿತ್ತಂತೆ. ನನ್ನದು ಸೆಮಿನಾರಿನುದ್ದಕ್ಕೂ ಕಾದು ಕೆಂಡವಾಗಿತ್ತು. ಮೇಷ್ಟ್ರದ್ದು ತಣ್ಣಗಾಗಿ ಎಷ್ಟು ವರ್ಷವಾಯಿತೋ, ಮಲಗಿಸಿ ನೋಡಬೇಕು.

ಕೊನೆಗೆ ಅವರಿಗೇ ದಣಿವಾಗಿ ಕೂತರು. ನಾನು ಲ್ಯಾಪ್‌ಟಾಪ್ ಮುಚ್ಚಿ, ಸಿಟ್ಟಿನಲ್ಲಿ ಗೋಡೆಯ ಆಚೆ ಹೋದೆ. ಎರಡು ಮಾತು ಹೇಳಲೇಬೇಕು ಅಂತ.

ಹೋದಾಗ ಬೇಸ್ ಸೋಲೊ ನಡೆಯುತ್ತಿತ್ತು. ಬಾಕಿ ವಾದ್ಯಗಳೆಲ್ಲ ಸುಮ್ಮನಾಗಿ, ಸಭಿಕರಿಗೆ ತಮ್ಮತಮ್ಮಲ್ಲಿ ಮಾತಾಡಲು ಅನುಕೂಲವಾಗುವ ಹೊತ್ತದು. ಹುಡುಗ ವಾದ್ಯಕ್ಕಿಂತ ಗೇಣು ಕುಳ್ಳಗಿದ್ದ. ನಾಲಿಗೆಯ ತುದಿ ಹೊರಗಿತ್ತು. ಒಂದು ಸ್ವರ ತಪ್ಪು ಬಿತ್ತು, ನನಗೂ ಗೊತ್ತಾಗುವಷ್ಟು ತಪ್ಪು. ಅವನು ಒಂದು ಕ್ಷಣ ತಡೆದು, ಅದೇ ಸ್ವರವನ್ನು ಮತ್ತೆ ನುಡಿಸಿದ. ಮತ್ತೊಂದು ಸಲ. ಮೂರನೇ ಸಲಕ್ಕೆ ಅದು ಬೇಕೆಂದೇ ಇಟ್ಟದ್ದೆನ್ನುವಂತಾಯಿತು. ಪಿಯಾನೊದವನು ನಕ್ಕು ತಲೆದೂಗಿದ. ನಾವು ಒಂದೇ ತಪ್ಪನ್ನು ಮೂರು ಸಲ ಮಾಡಿದರೆ ಪೇಪರ್ ವಾಪಸ್ ಬರುತ್ತದೆ.

ಗೋಡೆಯ ಪಕ್ಕ ಒಬ್ಬ ಹೆಂಗಸು, ಅವನ ತಾಯಿಯೇ ಇರಬೇಕು, ಎರಡೂ ಕೈಯಲ್ಲಿ ಫೋನ್ ಎತ್ತಿ ವಿಡಿಯೊ ಮಾಡುತ್ತಿದ್ದರು. ಕೈ ನಡುಗುತ್ತಿತ್ತು. ಆರು ವರ್ಷದಲ್ಲಿ ನನ್ನ ಒಂದು ಸೆಮಿನಾರನ್ನೂ ಯಾರೂ ಹಾಗೆ ಹಿಡಿದಿಟ್ಟುಕೊಂಡಿಲ್ಲ. ನಮ್ಮಮ್ಮನನ್ನು ನಾನು ಕರೆದೂ ಇಲ್ಲ, ಪಾಚಿ ಅಂತಾರೆ ಎಂದು. ಸೋಲೊ ಮುಗಿಯಿತು. ಎಲ್ಲರಿಗಿಂತ ಮೊದಲು ನಾನೇ ಚಪ್ಪಾಳೆ ತಟ್ಟಿಬಿಟ್ಟೆ.

ಕಛೇರಿ ಮುಗಿದ ಮೇಲೆ ಹುಡುಗ ಬೇಸ್‌ಗೆ ಗವಸು ಹಾಕುತ್ತಿದ್ದ. ಬೈಯಲು ಬಂದವಳು, "ಚೆನ್ನಾಗಿತ್ತು" ಎಂದೆ.

"ಥ್ಯಾಂಕ್ಸ್ ಮೇಡಂ. ಆದ್ರೆ ತಾಳ ತಪ್ಪಿಹೋಯ್ತು. ಗೋಡೆ ಆ ಕಡೆ ಯಾರೋ ಟಕ್ ಟಕ್ ಅಂತ ಕುಟ್ತಾನೇ ಇದ್ರು, ಅದೂ ಒಂದು ಮೂರಕ್ಕೆ" ಎಂದ. "ಅಲ್ಲೇನೋ ಪಾಚಿ ಸೆಮಿನಾರಂತೆ. ಬುಕಿಂಗ್ ಆಫೀಸಲ್ಲಿ ಕಂಪ್ಲೇಂಟ್ ಬರೆದುಕೊಟ್ಟಿದೀವಿ. ನೀವೂ ಒಂದು ಸೈನ್ ಹಾಕ್ತೀರಾ?"