ಸತ್ಯಾಂಶ: ಮಗುವಿನ ಕಲಿಕೆಗೆ ಶಾಲೆಯೊಂದೇ ಹೊಣೆಯೇ?

“ಶಿಕ್ಷಣ ಹಕ್ಕು ಕಾಯ್ದೆಯಂತೆ ಕಲಿಕೆಯ ಹೊಣೆ ಪೂರ್ತಿ ಶಾಲೆಯದ್ದು, ಪೋಷಕರು ತಲೆ ಹಾಕುವ ಹಾಗಿಲ್ಲ.” ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ ಕಡೆಯ ಮೊಬೈಲುಗಳಿಗೆ ಹೀಗೊಂದು ಸಂದೇಶ ಬಂದಿದ್ದರೆ, ಅದು ಸರಿಯಲ್ಲ.

2009ರ ಆ ಕಾಯ್ದೆಯೇ ಬೇರೆ ಮಾತು ಹೇಳುತ್ತದೆ. 10ನೇ ಸೆಕ್ಷನ್ ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ. 24ನೆಯದು ಶಿಕ್ಷಕರ ಪಾಲು: ಹೆತ್ತವರ ಸಭೆಯನ್ನು ನಿಯತವಾಗಿ ಕರೆದು ಹಾಜರಿ, ಕಲಿಕೆ, ಪ್ರಗತಿ ತಿಳಿಸಬೇಕು, ಹಿಂದುಳಿದವರಿಗೆ ಹೆಚ್ಚುವರಿ ಪಾಠವನ್ನೂ ಮಾಡಬೇಕು. ತಲೆ ಹಾಕುವ ಹಾಗಿಲ್ಲವೆಂಬುದಂತೂ ಪೂರಾ ಉಲ್ಟಾ. ಸರಕಾರಿ, ಅನುದಾನಿತ ಶಾಲೆಗಳ ನಿರ್ವಹಣಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು.

ಮಕ್ಕಳ ಮೇಲೆ ಕಾಯ್ದೆ ಯಾವ ಕರ್ತವ್ಯವನ್ನೂ ಹೊರಿಸಿಲ್ಲ. ಆದರೆ ಬರೆಯದ ಮನೆಕೆಲಸವನ್ನು ಸಮಿತಿ ಬರೆದುಕೊಡಲಾರದಲ್ಲ!

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಎಂಬ ನಮ್ಮಲ್ಲಿ “ನನಗೆ ಓದು ಬಾರದು, ಸಭೆಗೆ ಹೋಗಿ ಏನು ಮಾಡಲಿ” ಎಂದು ಹಿಂಜರಿಯುವ ಅಮ್ಮಂದಿರಿದ್ದಾರೆ. ಹೋಗಿ. ಮಗು ಎಷ್ಟು ದಿನ ತಪ್ಪಿಸಿದೆ ಎಂದು ಕೇಳಲು ಓದು ಬೇಕಿಲ್ಲ.