ಗೊಟಬಯ ಸಾಹೇಬರ ಕಾಗದ

2022ರ ಮಾರ್ಚ್‌ನಲ್ಲಿ ಕೊಲಂಬೊ ಸುತ್ತಲಿನ ಶಾಲಾಮಕ್ಕಳಿಗೆ ಸಿಹಿಸುದ್ದಿ ಬಂತು: ಪರೀಕ್ಷೆ ಇಲ್ಲ. ಮಳೆಯಲ್ಲ, ಮುಷ್ಕರವಲ್ಲ. ಪ್ರಶ್ನೆಪತ್ರಿಕೆ ಅಚ್ಚು ಹಾಕಲು ಕಾಗದವಿಲ್ಲ, ಕಾಗದ ತರಿಸಲು ಡಾಲರ್ ಇಲ್ಲ. ಶ್ರೀಲಂಕಾ ಅಧ್ಯಕ್ಷ ಗೊಟಬಯ ರಾಜಪಕ್ಸ ಅವರಿಗೆ ಸಿಕ್ಕ ಕೊನೆಯ ಮನಃಪೂರ್ವಕ ಜೈಕಾರ ಬಹುಶಃ ಆ ಮಕ್ಕಳದ್ದೇ.

ಸಾಹೇಬರು ಮೂಲತಃ ಮಿಲಿಟರಿ ಮನುಷ್ಯ. ಸೇನೆ ಬಿಟ್ಟ ಮೇಲೆ ಅಮೆರಿಕದ ಲಾಸ್ ಏಂಜಲೀಸ್‌ನ ಕಾನೂನು ಕಾಲೇಜೊಂದರಲ್ಲಿ ಕಂಪ್ಯೂಟರ್ ನೋಡಿಕೊಂಡಿದ್ದರು. ಅಣ್ಣ ಮಹಿಂದ ಅಧ್ಯಕ್ಷರಾದದ್ದೇ ತಡ, ಬಂದು ರಕ್ಷಣಾ ಕಾರ್ಯದರ್ಶಿಯಾದರು. ಪಂಚಾಯಿತಿ ಮಟ್ಟದ ಚುನಾವಣೆಯನ್ನೂ ಎದುರಿಸದವರು 2019ರ ನವೆಂಬರ್‌ನಲ್ಲಿ ಶೇ 52ರಷ್ಟು ಮತ ಪಡೆದು ಸೀದಾ ಅಧ್ಯಕ್ಷರಾದರು. ಊರಿಗೆ ಮಾರಿ, ಮನೆಗೆ ಉಪಕಾರಿ ಅಂತ ಗಾದೆಯನ್ನು ತಿರುವಿ ಹಾಕಿದ ಪುಣ್ಯಾತ್ಮ: ಅಣ್ಣ ಪ್ರಧಾನಿ, ಹಿರಿಯಣ್ಣ ಚಮಲ್‌ಗೆ ನೀರಾವರಿ, ಅಣ್ಣನ ಮಗ ನಮಲ್‌ಗೆ ಕ್ರೀಡೆ, ಕೊನೆಗೆ ತಮ್ಮ ಬೆಸಿಲ್‌ಗೆ ಹಣಕಾಸು. ಸಂಪುಟ ಸಭೆಯನ್ನೂ ಮನೆಯ ನಾಮಕರಣವನ್ನೂ ಒಂದೇ ಖರ್ಚಿನಲ್ಲಿ ಮುಗಿಸಬಹುದಿತ್ತು.

ಬಂದವರೇ ವ್ಯಾಟ್ ಅನ್ನು ಶೇ 15ರಿಂದ 8ಕ್ಕೆ ಇಳಿಸಿದರು. ಖಜಾನೆ ಹೇಗೂ ತುಂಬುತ್ತದೆ, ಆರ್ಡರ್ ಕೊಟ್ಟರಾಯಿತಲ್ಲ!

ಆರ್ಡರ್‌ಗಳಲ್ಲಿ ಶ್ರೇಷ್ಠವಾದದ್ದು ಗೊಬ್ಬರದ್ದು. ಹತ್ತು ವರ್ಷದಲ್ಲಿ ಸಾವಯವಕ್ಕೆ ಹೋಗೋಣ ಎಂದು ಪ್ರಣಾಳಿಕೆಯಲ್ಲಿ ಬರೆದುಕೊಂಡಿದ್ದವರು 2021ರ ಮೇ ತಿಂಗಳಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಂದೇ ಏಟಿಗೆ ನಿಲ್ಲಿಸಿದರು. ಸಾವಯವ ಒಳ್ಳೆಯದೇ, ನಮ್ಮಲ್ಲೂ ಆ ಹುಮ್ಮಸ್ಸಿನವರಿಗೆ ಕಮ್ಮಿಯಿಲ್ಲ. ಆದರೆ ಸೆಗಣಿ ಹಾಕಲು ಮೊದಲು ದನ ಬೇಕು. ಭತ್ತದ ಪೈರು ‘ಅಟೆನ್ಷನ್’ ಎಂದರೆ ನಿಲ್ಲಲಿಲ್ಲ. ಅತ್ತ ಚೀನಾದಿಂದ ಹಡಗು ತುಂಬ ಸಾವಯವ ಗೊಬ್ಬರ ಬಂತು. ಅದರಲ್ಲಿ ಹಾನಿಕಾರಕ ಬ್ಯಾಕ್ಟೀರಿಯಾ ಇದೆ, ಇಳಿಸುವ ಹಾಗಿಲ್ಲ ಎಂದರು. ಹಡಗು ವಾರಗಟ್ಟಲೆ ಸಮುದ್ರದಲ್ಲೇ ಗಸ್ತು ತಿರುಗಿತು. ಚೀನಾ ಮುನಿಸಿಕೊಂಡು ಲಂಕಾದ ಸರ್ಕಾರಿ ಬ್ಯಾಂಕೊಂದನ್ನೇ ಕಪ್ಪುಪಟ್ಟಿಗೆ ಹಾಕಿತು. ಕೊನೆಗೆ ಲಂಕಾ ಆ ಗೊಬ್ಬರಕ್ಕೆ 67 ಲಕ್ಷ ಡಾಲರ್ ಕಟ್ಟಿತು. ಒಂದು ಬುಟ್ಟಿಯೂ ಗದ್ದೆಗೆ ಬೀಳಲಿಲ್ಲ. ಮಕ್ಕಳ ಪ್ರಶ್ನೆಪತ್ರಿಕೆ ಹೋದದ್ದು ಎಲ್ಲಿಗೆ ಎಂದು ಕೇಳುವವರು ಆ ಹಡಗನ್ನು ಹುಡುಕಬಹುದು.

ನವೆಂಬರ್‌ನಲ್ಲಿ ನಿಷೇಧ ತೆಗೆದರು. ಗೊಬ್ಬರ ತರಲು ಆಗ ಡಾಲರ್ ಇರಲಿಲ್ಲ.

2022ರ ಏಪ್ರಿಲ್‌ನಲ್ಲಿ ದೇಶ ವಿದೇಶಿ ಸಾಲ ಕಟ್ಟಲಾರೆ ಎಂದು ಕೈಯೆತ್ತಿತು. ಕರೆಂಟು ದಿನಕ್ಕೆ 13 ಗಂಟೆವರೆಗೂ ಇಲ್ಲ. ಪೆಟ್ರೋಲ್ ಸಾಲಿನಲ್ಲಿ ಕಾಯುತ್ತಲೇ ಕೆಲವರು ಸತ್ತರು. ಸರ್ಕಾರಿ ನೌಕರರು ಶುಕ್ರವಾರ ರಜೆ ಹಾಕಿ ಹಿತ್ತಲಲ್ಲಿ ತರಕಾರಿ ಬೆಳೆಯಲಿ ಎಂದು ಸರ್ಕಾರ ಹೇಳಿತು. ಯಾವ ಗೊಬ್ಬರ ಹಾಕಿ ಎಂದು ಮಾತ್ರ ಹೇಳಲಿಲ್ಲ.

ಜನ ಗಾಲ್ ಫೇಸ್ ಬಯಲಲ್ಲಿ ಡೇರೆ ಹಾಕಿ ಆ ಜಾಗಕ್ಕೆ ‘ಗೋಟ ಗೋ ಗಾಮ’ ಎಂದು ಹೆಸರಿಟ್ಟರು. ಸಿಂಹಳದಲ್ಲಿ ಗಾಮ ಅಂದರೆ ನಮ್ಮ ಗ್ರಾಮವೇ. ಜುಲೈ 9ರಂದು ಆ ಗ್ರಾಮಸ್ಥರು ಅಧ್ಯಕ್ಷರ ಮನೆಗೇ ಹೋದರು. ಚಡ್ಡಿ ಹಾಕಿದ ಹುಡುಗರು ಈಜುಕೊಳಕ್ಕೆ ಧುಮುಕಿದರು. ಸಾಹೇಬರ ಹಾಸಿಗೆಯ ಮೇಲೆ ಒಬ್ಬೊಬ್ಬರಾಗಿ ಮಲಗಿ ಫೋಟೊ ತೆಗೆಸಿಕೊಂಡರು. ಪೆಟ್ರೋಲ್ ಸಿಗದೆ ತಿಂಗಳುಗಟ್ಟಲೆ ನಡೆದೇ ಬದುಕಿದ್ದ ಜನ ಜಿಮ್‌ನ ಟ್ರೆಡ್‌ಮಿಲ್ ಹತ್ತಿ ಮತ್ತೆ ನಡೆದರು! ಮನೆಯಲ್ಲಿ ಸಿಕ್ಕ 1.78 ಕೋಟಿ ರೂಪಾಯಿ ನಗದನ್ನು ಎಣಿಸಿ ಪೊಲೀಸರಿಗೆ ಒಪ್ಪಿಸಿದರು. ಆ ಮನೆಯಲ್ಲಿ ಲೆಕ್ಕ ಸರಿಯಾಗಿ ನಡೆದ ದಿನ ಅದೊಂದೇ ಇರಬೇಕು.

ಸಾಹೇಬರು ಸೇನಾ ವಿಮಾನದಲ್ಲಿ ಮಾಲ್ಡೀವ್ಸ್‌ಗೆ, ಅಲ್ಲಿಂದ ಸಿಂಗಪುರಕ್ಕೆ ಹಾರಿದರು. ರಾಜೀನಾಮೆ ಇಮೇಲ್‌ನಲ್ಲಿ ಬಂತು. ದೇಶದಲ್ಲಿ ಕಾಗದಕ್ಕೆ ಬರ ಎಂಬುದು ಕೊನೆಗೂ ಅವರ ಗಮನಕ್ಕೆ ಬಂದಿತ್ತೇನೋ.

2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಈ ದಿವಾಳಿಗೆ ರಾಜಪಕ್ಸ ಸಹೋದರರೂ ಹೊಣೆ ಎಂದಿತು. ಮುಂದಿನ ಮಾರ್ಚ್‌ನಲ್ಲಿ ಗೊಟಬಯ ಒಂದು ಪುಸ್ತಕ ಹೊರತಂದರು. ತಮ್ಮನ್ನು ಇಳಿಸಿದ್ದು ವಿದೇಶಿ ಪಿತೂರಿಯಂತೆ. ಅಷ್ಟು ಹೊತ್ತಿಗೆ ಕಾಗದ ಸಿಗುತ್ತಿತ್ತು.