ಹಳಿ ಒರೆಸೋಕೂ ಟೆಂಡರ್ ಕರೀರಿ ಸ್ವಾಮಿ

ಬೆಂಗಳೂರಲ್ಲಿ ರೈಲು ಓಡಿಸೋದು ಯಾವ ಸೈಜಲ್ಲೂ ಸುಲಭ ಇಲ್ಲ ಕಣ್ರೀ. ನಮ್ಮ ಅಪಾರ್ಟ್‌ಮೆಂಟ್ ಕ್ಲಬ್ ಹೌಸ್‌ನಲ್ಲಿ ಪ್ಲೈವುಡ್ ಮೇಲೆ ಒಂದು ಎಚ್‌ಓ ಸ್ಕೇಲ್ ಮಾಡೆಲ್ ರೈಲಿದೆ, ಅಸಲಿ ರೈಲಿನ 87ರಲ್ಲಿ ಒಂದು ಭಾಗದಷ್ಟು ಸೈಜು, ಎರಡು ಹಳಿ ಮಧ್ಯೆ 16.5 ಮಿಲಿಮೀಟರ್. ಫಾರಿನ್ನಿಂದ ತರಿಸಿದ್ರೆ ಸರ್ಕಾರ ಇದನ್ನ ಮಕ್ಕಳಾಟಿಕೆ ಅಂತ ಲೆಕ್ಕ ಹಾಕಿ ಸುಂಕ ಮಾತ್ರ ದೊಡ್ಡೋರ ಥರ ವಸೂಲಿ ಮಾಡುತ್ತೆ, 2020ಕ್ಕೆ ಮುಂಚೆ 20 ಪರ್ಸೆಂಟ್ ಇದ್ದಿದ್ದು 2023ರ ಬಜೆಟ್ಟಲ್ಲಿ 70 ಆಯ್ತು. ಇರ್ಲಿ.

ಈಗ ಆ ರೈಲು ನಿಂತಿದೆ. ಒಂದು ಗೇಣು ಹೋಗುತ್ತೆ, ಲೈಟ್ ಮಿಣುಕ್ ಅನ್ನುತ್ತೆ, ನಿಲ್ಲುತ್ತೆ, ಬೆರಳಲ್ಲಿ ತಳ್ಳಿದ್ರೆ ಇನ್ನೊಂದು ಗೇಣು. ಪಾಪ ಇಂಜಿನ್‌ದೇನೂ ತಪ್ಪಿಲ್ಲ. ಇದಕ್ಕೆ ಕರೆಂಟ್ ಹಳಿಯಿಂದಲೇ ಬರ್ಬೇಕು, ಹಳಿಯಿಂದ ಚಕ್ರಕ್ಕೆ, ಚಕ್ರದಿಂದ ಮೋಟಾರಿಗೆ. ಚಕ್ರ ಉರುಳ್ತಾ ಕಣ್ಣಿಗೂ ಕಾಣದಷ್ಟು ಸಣ್ಣ ಕಿಡಿ ಹಾರ್ತಾ ಇರುತ್ತೆ, ಅದ್ರಲ್ಲಿ ಲೋಹ, ಎಣ್ಣೆ, ಧೂಳು ಎಲ್ಲ ಸುಟ್ಟು ಹಳಿ ಮೇಲೆ ಒಂದು ಕಪ್ಪು ಪದರ ಕೂರುತ್ತೆ, ಬೋಗಿಗಳ ಪ್ಲಾಸ್ಟಿಕ್ ಚಕ್ರ ಅದನ್ನ ಊರೆಲ್ಲ ಹಂಚ್ಕೊಂಡು ಬರುತ್ತೆ. ಧೂಳಿಗಂತೂ ನಮ್ಮಲ್ಲಿ ಬರ ಇಲ್ಲ, ಗೇಟ್ ಮುಂದೆ ಹೋದ ವರ್ಷ ಕಾಂಕ್ರೀಟ್ ಹಾಕಿದ ರೋಡನ್ನ ಈ ವರ್ಷ ಪೈಪಿಗೆ ಅಂತ ಅಗೆದು, ಪೈಪ್ ಹಾಕಿ ಮುಚ್ಚಿ, ಆಮೇಲೆ ಕೇಬಲ್‌ನೋರಿಗೆ ನೆನಪಾಗಿ ಅವರೂ ಅಗೆದು ಹೋಗಿದಾರೆ.

ಪರಿಹಾರ ಹೇಳ್ತೀನಿ ಅಂತ ಅಸೋಸಿಯೇಷನ್ ಮೀಟಿಂಗಲ್ಲಿ ಎದ್ದು ನಿಂತೆ. ಎಸ್‌ಪಿ ರೋಡಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಸಿಗುತ್ತೆ, ನೂಲು ಬಿಡದ ಬಟ್ಟೆಗೆ ಹಾಕಿ ಹಳಿ ಒರೆಸಿ. ಆಮೇಲೆ ಟಿಶ್ಯೂ ನೆನೆಸಿ ಹಳಿ ಮೇಲೆ ಹಾಸಿ, ಇಂಜಿನ್ನಿನ ಅರ್ಧ ಚಕ್ರ ಟಿಶ್ಯೂ ಮೇಲೆ, ಉಳಿದರ್ಧ ಬರೀ ಹಳಿ ಮೇಲೆ ಇಟ್ಟು ಕರೆಂಟ್ ಕೊಡಿ, ಚಕ್ರ ತಿರುಗಿ ತಿರುಗಿ ತಾನೇ ಕ್ಲೀನ್ ಆಗುತ್ತೆ. (ಆಲ್ಕೋಹಾಲ್ ಬೇಡ, ಮಿನರಲ್ ಟರ್ಪೆಂಟೈನ್ ಹಾಕಿದ್ರೆ ಕಪ್ಪು ಬೇಗ ವಾಪಸ್ ಬರಲ್ಲ ಅನ್ನೋರೂ ಇದಾರೆ, ಆ ಜಗಳ ಇನ್ನೊಂದಿನ.)

"ಎಸ್ಟಿಮೇಟ್ ಎಷ್ಟು?" ಅಂದ್ರು ಸೆಕ್ರೆಟರಿ.

"ಒಂದು ಇನ್ನೂರು ರೂಪಾಯಿ."

ಹಾಲ್ ಪೂರ್ತಿ ತಣ್ಣಗಾಯ್ತು. ಇನ್ನೂರು ರೂಪಾಯಿ ಕೆಲಸಕ್ಕೆ ಯಾರ್ರೀ ಅಧ್ಯಕ್ಷತೆ ವಹಿಸ್ತಾರೆ, ಬ್ಯಾನರಲ್ಲಿ ಯಾರ ಫೋಟೋ ಹಾಕೋದು?

ಮೊದಲನೇ ಹಂತವಾಗಿ ಒಬ್ಬರು ರಿಟೈರ್ಡ್ ಅಂಕಲ್ ಮರಳು ಕಾಗದ ತಂದು ಹಳಿ ಉಜ್ಜಿಸಿದ್ರು. ಫೋಟೋದಲ್ಲಿ ಫಳಫಳ, ಗ್ರೂಪಲ್ಲಿ ಚಪ್ಪಾಳೆ ಇಮೋಜಿ ಮಳೆ. ಆದ್ರೆ ಉಜ್ಜಿದ ಒಂದೊಂದು ಗೀರಲ್ಲೂ ಧೂಳು ಹೋಗಿ ಕೂತು, ಮುಂದಿನ ವಾರ ಗೇಣು ಹೋಗ್ತಿದ್ದ ರೈಲು ಅರ್ಧ ಗೇಣಿಗೇ ನಿಲ್ಲೋಕೆ ಶುರು. ಹಾಗಾಗಿ ಎರಡನೇ ಹಂತದಲ್ಲಿ ಸುರಂಗ! ಯಾಕಪ್ಪಾ ಅಂದ್ರೆ ಸುರಂಗದೊಳಗೆ ಕೊಳೆ ಕಾಣಲ್ಲ. ಅಲ್ಲಿ ಕೈಯೂ ಹೋಗಲ್ಲ, ಒರೆಸೋಕೂ ಆಗಲ್ಲ ಸಾರ್ ಅಂದೆ. "ಅದಕ್ಕೇ ಮೇಂಟೆನೆನ್ಸ್ ಖರ್ಚು ಸೊನ್ನೆ" ಅಂದ್ರು. ಈ ತಲೆ ನಮ್ಮ ಊರಿನ ರಸ್ತೆಗಳಿಗೆ ಬೇಕಾಗಿರೋದು, ಕ್ಲಬ್ ಹೌಸಲ್ಲಿ ವೇಸ್ಟ್ ಆಗ್ತಿದೆ.

ಆಮೇಲೆ ಹೆಸರಿಡೋ ಸಮಿತಿ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಲ್ಲ ಆಗ್ಲೇ ಬುಕ್ ಆಗಿವೆ, ಸಬರ್ಬನ್ ರೈಲಿನ ನಾಲ್ಕು ಕಾರಿಡಾರ್‌ಗೆ. 148 ಕಿಲೋಮೀಟರ್ ಯೋಜನೆ, 2020ರಲ್ಲಿ ಕೇಂದ್ರದ ಒಪ್ಪಿಗೆ, 2022ರ ಜೂನಲ್ಲಿ ಪ್ರಧಾನಿಗಳಿಂದ ಶಂಕುಸ್ಥಾಪನೆ, 40 ತಿಂಗಳ ಗಡುವು. ಆ 40 ತಿಂಗಳು 2025ರ ಅಕ್ಟೋಬರಿಗೆ ಮುಗಿದೋಯ್ತು, ಹೂವು ಮಾತ್ರ ಬಾಡಿಲ್ಲ. ನಮ್ದಕ್ಕೆ ಸೇವಂತಿಗೆ ಲೈನ್ ಅಂತಾಯ್ತು. ಇನ್ನು 2025ರ ಆಗಸ್ಟಲ್ಲಿ ಮೆಟ್ರೋ ಹಳದಿ ಮಾರ್ಗ ಓಪನ್ ಮಾಡಿದಾಗ 19 ಕಿಲೋಮೀಟರ್ ಹಳಿಗೆ ಮೂರೇ ರೈಲು, 25 ನಿಮಿಷಕ್ಕೊಂದು. ಅಲ್ಲಿ ಹಳಿ ಇತ್ತು ರೈಲಿರಲಿಲ್ಲ, ನಮ್ಮಲ್ಲಿ ರೈಲಿದೆ ಹಳಿ ಸರಿಯಿಲ್ಲ, ಎರಡೂ ಸೇರಿಸಿದ್ರೆ ಒಂದು ಪೂರ್ತಿ ರೈಲ್ವೆ ಆಗುತ್ತೆ ನೋಡಿ! ಮೆಟ್ರೋದೋರು ಅದೇ ವರ್ಷ ಫೆಬ್ರವರೀಲಿ ಗರಿಷ್ಠ ದರ 60ರಿಂದ 90 ಮಾಡಿದ್ರು ಅನ್ನೋದನ್ನ ಟ್ರೆಶರರ್ ಮರೀಲಿಲ್ಲ, ಮೇಂಟೆನೆನ್ಸ್ ಬಿಲ್ಲಲ್ಲಿ 'ರೈಲು ಅಭಿವೃದ್ಧಿ ಶುಲ್ಕ' ಅಂತ ಹೊಸ ಸಾಲು ಬಂತು.

ಉದ್ಘಾಟನೆ ಭಾನುವಾರ ಆಯ್ತು. ಎರಡೂ ಹಳಿಗೆ ಉದ್ದಕ್ಕೂ ಅರಿಶಿನ ಕುಂಕುಮ, ಇಂಜಿನ್‌ಗೆ ಹಾರ, ಹಾರದ ಭಾರಕ್ಕೆ ಬೋಗಿ ಒಂದು ಕಡೆ ವಾಲಿತು. ಪ್ಲೈವುಡ್ ಮೇಲೇ ಕಾಯಿ ಒಡೆದು ನೀರೆಲ್ಲ ಸ್ವಿಚ್ಚಿಗೆ ಹೋಯ್ತು. ಚಕ್ರದ ಕೆಳಗೆ ಇಡೋಕೆ ತಂದ ನಿಂಬೆಹಣ್ಣು ಇಂಜಿನ್‌ಗಿಂತ ದಪ್ಪ ಇತ್ತು. ಮುಖ್ಯ ಅತಿಥಿಗಳು ಹಸಿರು ಬಾವುಟ ಬೀಸಿದ್ರು, ಸೆಕ್ರೆಟರಿ ಬೋಗಿ ಹಿಂದಿಂದ ಬೆರಳಿಟ್ಟು ಯಾರಿಗೂ ಕಾಣದ ಹಾಗೆ ತಳ್ಳಿದ್ರು. ಪ್ರಾಯೋಗಿಕ ಸಂಚಾರ ಯಶಸ್ವಿ ಅಂತ ನೋಟಿಸ್ ಬೋರ್ಡಿಗೆ ಬಂತು.

ಮೊನ್ನೆ ಮೀಟಿಂಗಲ್ಲಿ ಮತ್ತೆ ಕೇಳ್ದೆ, ಬಟ್ಟೆಯಲ್ಲಿ ಒರೆಸೋದು ಯಾವಾಗ ಅಂತ. ಎರಡನೇ ಇಂಜಿನ್ ಖರೀದಿಗೆ ಮಂಜೂರಾತಿ, ಸುರಂಗದೊಳಗೆ ಸಿಸಿಟಿವಿ, ರೈಲು ಯಾಕೆ ನಿಲ್ಲುತ್ತೆ ಅಂತ ಸ್ಟಡಿ ಮಾಡೋಕೆ ತಜ್ಞರ ಸಮಿತಿ, ಇಷ್ಟು ಪಾಸಾದ್ವು. ಹಳಿ ಒರೆಸೋ ವಿಷಯ ಅಜೆಂಡಾದ ಕೊನೇಲಿ 'ಇತರೆ' ಅನ್ನೋದರ ಕೆಳಗಿತ್ತು, ಅಷ್ಟೊತ್ತಿಗೆ ಬೋಂಡಾ ಕಾಫಿ ಬಂತು.